ಹತ್ತೊಂಬತ್ತು ತಲೆ, ಒಂದು ದೂರು

ಬಹರೈನಿನಲ್ಲಿ ಜುಲೈ ಬಂತೆಂದರೆ ಎರಡು ಸಂಗತಿ ತಪ್ಪುವುದಿಲ್ಲ ಮಾರಾಯ್ರೆ. ಒಂದು, ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುವುದು. ಇನ್ನೊಂದು, ನಾನು ನಡೆಸುವ ಸಮ್ಮರ್ ಕ್ಯಾಂಪಿನಲ್ಲಿ ಎಂತಾದರೂ ಒಂದು ಎಡವಟ್ಟಾಗುವುದು. ಹದಿನಾಲ್ಕು ವರ್ಷದಲ್ಲಿ ಎರಡಕ್ಕೂ ಒಂದು ದಿನ ರಜೆ ಸಿಕ್ಕಿದ್ದಿಲ್ಲ.

ನನ್ನ ಹೊಟ್ಟೆಪಾಡು ಬೇರೆ. ಹೂರಾದ ಒಂದು ಏಸಿ ಕಂಪನಿಯಲ್ಲಿ ಸ್ಟೋರ್ ಕೀಪರ್. ವರ್ಷಪೂರ್ತಿ ಫಿಲ್ಟರು, ಪೈಪು, ಸ್ಕ್ರೂ ಎಣಿಸುವುದು. ಕ್ಯಾಂಪು ನಮ್ಮ ಕನ್ನಡ ಸಂಘದ್ದು. ಗುಫೂಲ್ ಏರಿಯಾದ ಹಾಲ್‌ನಲ್ಲಿ ಮೂರು ವಾರ, ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ. ಬೇಸಿಗೆ ರಜೆ ಸಿಕ್ಕಿತೋ ಇಲ್ಲವೋ, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಅಮ್ಮಂದಿರು ಊರಿಗೆ ಹಾರಿಬಿಡುತ್ತಾರೆ. ದೊಡ್ಡ ಮಕ್ಕಳಿಗೆ ಈಸಾ ಟೌನಿನಲ್ಲಿ ಟ್ಯೂಷನ್ ಉಂಟು, ಮುಂದೆ ಬೋರ್ಡ್ ಪರೀಕ್ಷೆ ಉಂಟು, ಅವರು ಇಲ್ಲೇ ಬಾಕಿ. ಹೊರಗೆ ಹೋಗೋಣವೆಂದರೆ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ಫ್ಲಾಟಿನೊಳಗೆ ಫೋನ್ ನೋಡುತ್ತ ಬಿದ್ದುಕೊಳ್ಳುವ ಈ ಮಕ್ಕಳನ್ನು ಎಬ್ಬಿಸಿ ತರುವುದು ನನ್ನ ಕೆಲಸ.

ನಮಗೆ ಮಕ್ಕಳಿಲ್ಲ. ನನ್ನ ವರ್ಷದ ರಜೆ ಪೂರ್ತಿ ಈ ಕ್ಯಾಂಪಿಗೇ ಹೋಗುತ್ತದೆ. ಊರಿಗೆ ಹೋಗೋಣ ಎಂದು ಹೆಂಡತಿ ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದಾಳೆ, ನಾನು ಹದಿನಾಲ್ಕು ವರ್ಷದಿಂದ ಹೂಂ ಅನ್ನುತ್ತಿದ್ದೇನೆ. ಮುಚ್ಚುಮರೆ ಎಂತಕ್ಕೆ, ಉಳಿದ ದಿನಗಳಲ್ಲಿ ನಾನು ಕಾಯುವುದು ಆ ಮೂರು ವಾರಕ್ಕೇ.

ಈ ವರ್ಷ ಕ್ಯಾಂಪ್ ಶುರುವಾಗುವ ಮುಂಚೆ ಸಂಘದ ಅಧ್ಯಕ್ಷರು ನನ್ನನ್ನು ಕರೆದು ಕೂರಿಸಿದರು. ಸೇರಿದವರು ಬರೀ ಹತ್ತೊಂಬತ್ತು ಮಂದಿ. ಅದರ ಮೇಲೆ ಪ್ರತಿ ವರ್ಷ ದೂರು, ಫೈಲು ದಪ್ಪವಾಗುತ್ತಿದೆ. "ಈ ಸಲ ಯಾವ ಮನೆಯಿಂದಲಾದರೂ ಬರವಣಿಗೆಯಲ್ಲಿ ಒಂದೇ ಒಂದು ದೂರು ಬಂದರೆ, ಮುಂದಿನ ವರ್ಷದಿಂದ ಕ್ಯಾಂಪ್ ಬಂದ್" ಎಂದರು. ಎಂತ ವಾದ ಮಾಡುವುದು? ಆ ಫೈಲಿನಲ್ಲಿದ್ದದ್ದೆಲ್ಲ ಆದದ್ದೇ.

ಡೇರೆಯೊಳಗಿನ ಚಳಿ

ಮೊದಮೊದಲಿನ ವರ್ಷಗಳ ಮಾತು. ಕ್ಯಾಂಪ್ ಎಂದ ಮೇಲೆ ಡೇರೆ ಬೇಡವಾ ಎಂದು ಮಕ್ಕಳು ಹಟ ಹಿಡಿದವು. ಇಲ್ಲಿನವರು ಮರುಭೂಮಿಯಲ್ಲಿ ಡೇರೆ ಹಾಕುವುದು ಚಳಿಗಾಲದಲ್ಲಿ. ಜುಲೈಯಲ್ಲಿ ಹಾಕಿದರೆ ಒಳಗಿದ್ದವರು ಹಪ್ಪಳ. ಅದಕ್ಕೆ ನಾನೊಂದು ತಲೆ ಓಡಿಸಿದೆ. ಹಾಲ್‌ನ ಒಳಗೇ ಆರು ಡೇರೆ ಹಾಕಿಸಿದೆ. ನಮ್ಮದೇ ಕಂಪನಿಯ ಏಸಿ, ಅಭಿಮಾನದಿಂದ ಹದಿನಾರಕ್ಕೆ ಇಟ್ಟೆ.

ಒಂದು ಗಂಟೆಯಲ್ಲಿ ಮಕ್ಕಳು ಗಡಗಡ ನಡುಗತೊಡಗಿದವು. ಏಸಿ ಕಮ್ಮಿ ಮಾಡೋಣವೆಂದರೆ ರಿಮೋಟ್ ಯಾವ ಡೇರೆಯಲ್ಲಿ ಸೇರಿಕೊಂಡಿದೆ ಎಂದೇ ಗೊತ್ತಾಗಲಿಲ್ಲ. ಸುದ್ದಿ ಫೋನಿನಲ್ಲಿ ಮನೆಗಳಿಗೆ ಹೋಯಿತು. ಹೊರಗೆ ಡಾಂಬರು ಕರಗುವ ಬಿಸಿಲು, ಅಪ್ಪಂದಿರು ಒಬ್ಬರ ಹಿಂದೆ ಒಬ್ಬರು ರಜಾಯಿ ಹೊತ್ತು ಬೆವರೊರೆಸಿಕೊಳ್ಳುತ್ತ ಬರುತ್ತಿದ್ದರು. ಕಟ್ಟಡದ ವಾಚ್‌ಮ್ಯಾನ್ ಯಾರೋ ಮನೆ ಬದಲಾಯಿಸುತ್ತಿದ್ದಾರೆಂದು ಲಿಫ್ಟ್ ಹಿಡಿದು ನಿಂತಿದ್ದ.

ಮಕ್ಕಳನ್ನು ಬೆಚ್ಚಗೆ ಮಾಡಲು ಕ್ಯಾಂಪ್ ಫೈರ್ ಒಂದೇ ದಾರಿ ಎನಿಸಿತು. ಹಾಲ್‌ನಲ್ಲಿ ಬೆಂಕಿ ಹಾಕಲಿಕ್ಕೆ ಬಿಡುವುದಿಲ್ಲವಲ್ಲ, ಮೊದಲೇ ಒಂದು ತಯಾರು ಮಾಡಿಟ್ಟಿದ್ದೆ. ಕೆಂಪು ಹಳದಿ ಕಾಗದದ ಚೂರುಗಳು, ನಡುವೆ ಒಂದು ಬಲ್ಬು, ಜ್ವಾಲೆ ಕುಣಿಯಬೇಕಲ್ಲ, ಅದಕ್ಕೆ ಅಡಿಯಲ್ಲೊಂದು ಟೇಬಲ್ ಫ್ಯಾನ್. ನೋಡಲಿಕ್ಕೆ ಭಾರೀ ಲಾಯ್ಕಿತ್ತು. ನಡುಗುತ್ತಿದ್ದ ಮಕ್ಕಳೆಲ್ಲ ಓಡಿ ಬಂದು ಕೈ ಚಾಚಿ ಸುತ್ತ ಕುಳಿತವು. ಬೆಂಕಿ ಜೋರಾದಷ್ಟೂ ಚಳಿ ಜಾಸ್ತಿಯಾಯಿತು.

ಆ ಡೇರೆಯ ಹುಡುಗರು ಈಗ ಗಡ್ಡ ಬಿಟ್ಟು ಆಫೀಸರಾಗಿದ್ದಾರೆ. ಎಲ್ಲಾದರೂ ಸಿಕ್ಕಿದರೆ ಕೈ ಕುಲುಕುವುದಿಲ್ಲ, ನನ್ನ ಮುಂದೆ ಅಂಗೈ ಉಜ್ಜಿ ಕಾಯಿಸಿಕೊಳ್ಳುತ್ತಾರೆ.

ಸ್ವಾವಲಂಬನೆಯ ದಿನ

ಮನೆಯ ಡಬ್ಬಿ ತರಬಾರದು, ತಾವೇ ಅಡುಗೆ ಮಾಡಿ ಉಣ್ಣಬೇಕು ಎಂದು ಒಂದು ದಿನ ಇಟ್ಟಿದ್ದೆ. ಹನ್ನೊಂದು ಗಂಟೆಗೆ ಉಪ್ಪಿಟ್ಟು ಹೊತ್ತಿದ ವಾಸನೆ ಬಂತು. ಹನ್ನೊಂದೂವರೆಗೆ ಊರಿಗೆ ಹೋಗದ ಒಬ್ಬರು ಅಮ್ಮ, ಈ ಕಡೆ ಏನೋ ಕೆಲಸವಿತ್ತು ಎಂದು ಬಂದರು. ಕೈಯಲ್ಲಿ ಕೋಳಿ ಸುಕ್ಕ. ಬೇರೆಯವರಿಗೆ ಹೇಳಬೇಡಿ ಎಂದು ನನ್ನ ಕಿವಿಯಲ್ಲಿ ಹೇಳಿ ಹಿಂಬಾಗಿಲಿನಿಂದ ಒಳಗೆ ಕೊಟ್ಟರು. ಆಮೇಲೆ ಇನ್ನೊಬ್ಬರು, ಅವರಿಗೂ ಈ ಕಡೆಯೇ ಕೆಲಸ. ಊಟದ ಹೊತ್ತಿಗೆ ಆರು ಮನೆಯವರಿಗೆ ಗುಫೂಲಿನಲ್ಲಿ ಕೆಲಸ ಬಿದ್ದಿತ್ತು, ಆರೂ ಜನ ನನ್ನ ಕಿವಿಯಲ್ಲಿ ಅದೇ ಮಾತು ಹೇಳಿದ್ದರು.

ನಾನು ತೀರ್ಪುಗಾರ. ಕಂಡರೂ ಕಾಣದ ಹಾಗೆ ಎಲ್ಲ ರುಚಿ ನೋಡಿ, ಒಬ್ಬ ಹುಡುಗನ ನೀರುದೋಸೆಗೆ ಮೊದಲ ಬಹುಮಾನ ಕೊಟ್ಟೆ. ಪ್ರಶಸ್ತಿಪತ್ರವನ್ನೂ ಬರೆದುಕೊಟ್ಟೆ. ಮರುದಿನ ದೂರು ಬಂತು, ಹುಡುಗನ ತಾಯಿಯಿಂದಲೇ. "ದೋಸೆ ಹೊಯ್ದದ್ದು ನಾನು, ಪತ್ರದಲ್ಲಿ ಅವನ ಹೆಸರು ಯಾಕೆ" ಎಂದು.

ಇಬ್ಬರು ಅಪ್ಪಂದಿರು, ಒಂದು ಹಡಗು

ಕ್ಯಾಂಪಿನ ಕೊನೆಯ ಶುಕ್ರವಾರ ಪಿಕ್‌ನಿಕ್. ಒಂದು ವರ್ಷ ಮಾಲ್ ಒಳಗಿನ ಆಟದ ಪಾರ್ಕಿಗೆ ಹೋದೆವು. ಅಲ್ಲೊಂದು ತೂಗುವ ಹಡಗು. ಹತ್ತನೇ ಕ್ಲಾಸಿನ ಇಬ್ಬರು ಹುಡುಗಿಯರು ಹತ್ತಲು ಹೊರಟರು. ಗೆಳತಿಯರು. ಒಬ್ಬಳ ಅಪ್ಪ ಮಂಗಳೂರಿನ ಕ್ಯಾಥೊಲಿಕ್, ಹೋಟೆಲ್ ಮ್ಯಾನೇಜರ್. ಇನ್ನೊಬ್ಬಳ ಅಪ್ಪ ಉಡುಪಿ ಕಡೆಯವರು, ಬಟ್ಟೆ ಅಂಗಡಿಯ ಮಾಲೀಕರು. ಹೆಣ್ಣುಮಕ್ಕಳು ಹೆದರುತ್ತಾರೆ, ನಾವೂ ಜೊತೆಗಿರುತ್ತೇವೆ ಎಂದು ಇಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತರು. ಆ ಸಾಲೇ ಎಲ್ಲಕ್ಕಿಂತ ಎತ್ತರಕ್ಕೆ ಹೋಗುವುದು, ಅದು ಅವರಿಗೆ ಗೊತ್ತಿರಲಿಲ್ಲ.

ಹಡಗು ಮೂರನೇ ಸಲ ಮೇಲೇರಿದಾಗ ಅವರ ಧ್ವನಿ ಕೆಳಗೆ ನಿಂತ ನನಗೂ ಕೇಳಿಸಿತು. ಮ್ಯಾನೇಜರು ಕಣ್ಣು ಮುಚ್ಚಿ ಕಟೀಲಮ್ಮನನ್ನು ಕರೆಯುತ್ತಿದ್ದರು, ಕೆಳಗಿಳಿಸಿದರೆ ಹೂವಿನ ಪೂಜೆ ಕೊಡುತ್ತೇನೆ ಎನ್ನುತ್ತಿದ್ದರು. ಅಂಗಡಿಯವರು ಅತ್ತೂರು ಚರ್ಚಿನ ಸಂತರಿಗೆ ಮೇಣದಬತ್ತಿಯ ಹರಕೆ ಹೇಳಿಕೊಳ್ಳುತ್ತಿದ್ದರು. ಅವರವರ ದೇವರು ಆ ಹೊತ್ತಿಗೆ ಯಾಕೆ ನೆನಪಾಗಲಿಲ್ಲವೋ. ಮಕ್ಕಳು ಮಾತ್ರ ಮುಂದೆ ಕುಳಿತು ಪಾಪ್‌ಕಾರ್ನ್ ತಿನ್ನಬಹುದಿತ್ತು, ಅಷ್ಟು ಆರಾಮವಾಗಿದ್ದರು. ಒಬ್ಬಳು ಹಿಂದೆ ತಿರುಗಿ ವಿಡಿಯೋ ಮಾಡಿದಳು.

ಇಳಿದ ಮೇಲೆ ಇಬ್ಬರೂ ನನ್ನ ಮೇಲೆ ಹರಿಹಾಯ್ದರು, ದೂರನ್ನೂ ಬರೆದರು. ಹರಕೆಗಳು ಇನ್ನೂ ಬಾಕಿ ಇವೆ. ಹೇಳಿಕೊಂಡವರು ತೀರಿಸಬೇಕೋ, ಆಯಾ ದೇವರನ್ನು ನಂಬುವವರು ತೀರಿಸಬೇಕೋ ಎಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಈ ವರ್ಷದ್ದು

ಇಷ್ಟೆಲ್ಲ ಆದ ಮೇಲೆ ಈ ಸಲ ನಾನು ಮೈಯೆಲ್ಲ ಕಣ್ಣಾಗಿದ್ದೆ. ಅರ್ಧ ಗಂಟೆಗೊಮ್ಮೆ ಸೀಟಿ ಊದಿ ತಲೆ ಎಣಿಸುವುದು, ಪುಸ್ತಕದಲ್ಲಿ ಗುರುತು ಹಾಕುವುದು. ಹದಿನೇಳು ವರ್ಷದ ಹುಡುಗರಿಗೆ ಮರ್ಯಾದೆಯ ಪ್ರಶ್ನೆ. ಎಷ್ಟು ಗೊಣಗಿದರೂ ನಾನು ಬಿಡಲಿಲ್ಲ. ಎರಡು ವಾರ, ನಾಲ್ಕು ದಿನ, ಒಂದು ದೂರಿಲ್ಲ. ಉಳಿದದ್ದು ಕೊನೆಯ ಶುಕ್ರವಾರದ ವಾಟರ್ ಪಾರ್ಕ್ ಮಾತ್ರ. ಕ್ಯಾಂಪ್ ಬಂದ್ ಆಗುವ ಸಂಗತಿ ನಾನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ, ಸರಿ, ಇನ್ನು ಊರಿಗೆ ಹೋಗಬಹುದು ಎಂದು ಹೆಂಡತಿ ಅಂದಾಳು ಎಂಬ ಹೆದರಿಕೆ.

ವಾಟರ್ ಪಾರ್ಕಿಗೆ ಅಧ್ಯಕ್ಷರೂ ತಮ್ಮ ಕಾರಿನಲ್ಲಿ ಬಂದಿದ್ದರು. ನಾನು ಸಂಜೆಯವರೆಗೂ ದಡದಲ್ಲಿ ನಿಂತು ಎಣಿಸಿದೆ. ಐದು ಗಂಟೆಗೆ ಹನ್ನೆರಡನೇ ಕ್ಲಾಸಿನ ಒಬ್ಬಳು ಹುಡುಗಿ ಬಂದಳು. ಹದಿನಾಲ್ಕು ವರ್ಷದಲ್ಲಿ ಅಂಕಲ್ ಒಮ್ಮೆಯೂ ನೀರಿಗೆ ಇಳಿದಿಲ್ಲವಂತೆ, ನಿಧಾನಕ್ಕೆ ಹರಿಯುವ ಕಾಲುವೆಯೊಂದಿದೆ, ಟ್ಯೂಬಿನ ಮೇಲೆ ಕೂತರೆ ಸಾಕು, ಒಂದೇ ಸುತ್ತು, ಅಷ್ಟು ಹೊತ್ತು ತಾನು ಎಣಿಸುತ್ತೇನೆ ಎಂದಳು. ಪುಸ್ತಕ, ಸೀಟಿ, ಬಟ್ಟೆ ಮತ್ತು ಫೋನ್ ಇದ್ದ ಚೀಲ ಎಲ್ಲ ಅವಳಿಗೆ ಕೊಟ್ಟು ಚಡ್ಡಿಯಲ್ಲಿ ಇಳಿದೆ.

ಆಹಾ, ಏನು ಹೇಳಲಿ. ಬೆನ್ನ ಅಡಿಯಲ್ಲಿ ನೀರು, ಮೇಲೆ ಖರ್ಜೂರದ ಮರದ ನೆರಳು. ಮೂರು ವಾರದ ನಿದ್ದೆ ಬಾಕಿಯಿತ್ತು. ಮೊದಲ ಸುತ್ತು ಅರ್ಧ ನೆನಪಿದೆ. ಆಮೇಲಿನದ್ದು ಇಲ್ಲ.

ಎಬ್ಬಿಸಿದ್ದು ಲೈಫ್‌ಗಾರ್ಡ್. ಪಾರ್ಕ್ ಖಾಲಿ. ದಡಕ್ಕೆ ಓಡಿದೆ, ಮಕ್ಕಳಿಲ್ಲ, ಬಸ್ಸಿಲ್ಲ. ಆಮೇಲೆ ತಿಳಿದದ್ದು ಇಷ್ಟು. ಹುಡುಗಿ ಸೀಟಿ ಊದಿ ಎಣಿಸಿದ್ದಾಳೆ, ಹತ್ತೊಂಬತ್ತು ಸರಿ. ಡ್ರೈವರ್ ಎಲ್ಲರೂ ಬಂದರಾ ಎಂದು ಕೇಳಿದ್ದಾನೆ, ಬಂದರು. ನಾನು ಅಧ್ಯಕ್ಷರ ಕಾರಿನಲ್ಲಿ ಹೋದೆನೆಂದು ಬಸ್ಸಿನವರು, ಬಸ್ಸಿನಲ್ಲಿದ್ದೇನೆಂದು ಅಧ್ಯಕ್ಷರು. ನನ್ನದೇ ಪಾಠ, ಅಕ್ಷರ ತಪ್ಪದೆ ಪಾಲಿಸಿದ್ದರು. ಪಾಠದಲ್ಲಿ ನನ್ನ ಲೆಕ್ಕ ಇರಲಿಲ್ಲ.

ಗೇಟಿನ ಹತ್ತಿರ ಬಹರೈನಿ ಅಜ್ಜ ಒಬ್ಬರು ಮೊಮ್ಮಕ್ಕಳನ್ನು ವ್ಯಾನಿಗೆ ಹತ್ತಿಸುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿಯಲ್ಲೇ ಎಲ್ಲ ವಿಚಾರಿಸಿ, ಒಂದು ಟವೆಲ್ ಹೊದಿಸಿ ಹಿಂದೆ ಕೂರಿಸಿದರು. ಹೊರಡುವ ಮುಂಚೆ ಬೆರಳು ತೋರಿಸಿ ಎಣಿಸಿದರು. ಏಳು ಮೊಮ್ಮಕ್ಕಳು, ಎಂಟನೆಯವನು ನಾನು.

ಮನೆ ತಲುಪುವ ಮುಂಚೆಯೇ ಆಗಬಾರದ್ದು ಆಗಿತ್ತು. ಹೆಂಡತಿ ಫೋನ್ ಮಾಡಿದ್ದಾಳೆ, ಎತ್ತಿದ್ದು ಆ ಹುಡುಗಿ. ಆಂಟಿ, ಅಂಕಲ್ ಚೀಲ ಇಲ್ಲಿದೆ, ಅಂಕಲ್ ಇಲ್ಲ ಎಂದಿದ್ದಾಳೆ. ನನ್ನ ಹೆಂಡತಿ ನರ್ಸ್. ಗಾಬರಿಯಾದರೆ ಅವಳು ಕೂಗುವುದಿಲ್ಲ, ಬರೆಯುತ್ತಾಳೆ. ಪೋಷಕರ ಗ್ರೂಪಿನಲ್ಲಿ ಬರೆದಿದ್ದಳು: "ನಿಮ್ಮ ಕ್ಯಾಂಪಿಗೆ ನಮ್ಮ ಮನೆಯಿಂದ ಒಬ್ಬರನ್ನು ಕಳಿಸಿದ್ದೆ. ಎಲ್ಲರ ಮಕ್ಕಳೂ ಮನೆ ಸೇರಿದ್ದಾರೆ. ನಮ್ಮವರು ಬಂದಿಲ್ಲ. ಇದಕ್ಕೆ ಹೊಣೆ ಯಾರು?"

ಶನಿವಾರ ಬೆಳಿಗ್ಗೆ ಹಾಲ್‌ನಲ್ಲಿ ಸಭೆ. ಹತ್ತೊಂಬತ್ತು ಮಕ್ಕಳೂ ಬಂದಿದ್ದರು. ಅಧ್ಯಕ್ಷರು ಕನ್ನಡಕ ಹಾಕಿ ಮೆಸೇಜ್ ಓದಿದರು. ಮನೆಯಿಂದ ಬಂದದ್ದು ಹೌದು, ಬರವಣಿಗೆ ಹೌದು, ಮಾತು ಮಾತೇ. ಕ್ಯಾಂಪ್ ಬಂದ್ ಎಂಬುದು ಹೆಂಡತಿಗೆ ಗೊತ್ತಾದದ್ದು ಆಗಲೇ. ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ನನಗೆ ಅಳು ಬರುವ ಹಾಗಾಗಿತ್ತು, ಸುಳ್ಳು ಹೇಳುವುದಿಲ್ಲ.

ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಅಧ್ಯಕ್ಷರು ಹೆಂಡತಿಯನ್ನು ಕೇಳಿದರು. ಆಸ್ಪತ್ರೆಯಲ್ಲಿ ಒಮ್ಮೆ ಬರೆದದ್ದನ್ನು ಹೊಡೆದು ಹಾಕುವ ಕ್ರಮವಿಲ್ಲ, ಬರೆದದ್ದು ಸುಳ್ಳೂ ಅಲ್ಲ ಎಂದಳು. ಮುಗಿಯಿತು ಎಂದುಕೊಂಡೆ.

ಆಗ ಸೀಟಿಯ ಹುಡುಗಿ ಎದ್ದಳು. ಅವಳ ಕನ್ನಡ ಅಷ್ಟಕ್ಕಷ್ಟೆ, ಆದರೂ ಕನ್ನಡದಲ್ಲೇ ಹೇಳಿದಳು. "ಮಿಸ್ಟೇಕ್ ನಮ್ದು. ಅಂಕಲ್ ಹೆಸರು ಲಿಸ್ಟಲ್ಲಿ ಇರ್ಲಿಲ್ಲ. ಲಿಸ್ಟಲ್ಲಿ ಹಾಕಿದ್ರೆ ಬಿಟ್ಟು ಬರಲ್ಲ." ಹೇಳಿ, ಮುಂದಿನ ವರ್ಷಕ್ಕೆಂದು ಕ್ಯಾಂಪ್ ಸೇರುವ ಫಾರಂ ಒಂದನ್ನು ನನ್ನ ಹೆಂಡತಿಯ ಮುಂದೆ ಇಟ್ಟಳು.

ಹೆಂಡತಿ ಫಾರಮ್ಮನ್ನು ಪೂರ್ತಿ ಓದಿದಳು. ಪೆನ್ನು ಕೇಳಿದಳು. ದೂರು ಕೊಟ್ಟ ಮನೆಯವರೇ ಮತ್ತೆ ಕಳಿಸುತ್ತೇವೆಂದರೆ ಅದನ್ನು ದೂರು ಎನ್ನುವುದು ಹೇಗೆ ಎಂದು ಅಧ್ಯಕ್ಷರು ಕನ್ನಡಕ ತೆಗೆದರು. ಕ್ಯಾಂಪ್ ಉಳಿಯಿತು.

ಅವಳು ತುಂಬುತ್ತ ಹೋದಳು. ಹೆಸರು, ನನ್ನದು. ವಯಸ್ಸು ಐವತ್ನಾಲ್ಕು. ಈಜು ಬರುವುದಿಲ್ಲ. ಔಷಧ, ಪ್ರೆಶರಿನ ಮಾತ್ರೆ. ವಿಶೇಷ ಸೂಚನೆ, ನೀರಿಗೆ ಇಳಿಸಿದರೆ ಮಲಗುತ್ತಾರೆ. ಹತ್ತೊಂಬತ್ತು ಮಕ್ಕಳು ಅವಳ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದರು. ಪೆನ್ನು ನಿಂತದ್ದು ಕೊನೆಯ ಸಾಲಿನಲ್ಲಿ ಮಾತ್ರ. "ಮಗುವಿಗೂ ನಿಮಗೂ ಇರುವ ಸಂಬಂಧ" ಎಂದಿತ್ತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಸ್ಪಷ್ಟವಾದ ಅಕ್ಷರದಲ್ಲಿ "ಹೆಂಡತಿ" ಎಂದು ಬರೆದು ಸಹಿ ಹಾಕಿದಳು.