ವಿಮಾನ ಇಳಿಯುವಾಗ ಕಾಯುವವರು

ಯುದ್ಧವಿಮಾನ ಇಳಿಯುವಾಗಲೆಲ್ಲ ದಪ್ಪ ಸೂಟು ತೊಟ್ಟು ಬೆಂಕಿ ಆರಿಸುವ ಗಾಡಿಯಲ್ಲಿ ಕೂತು, ಏನೂ ಆಗದಿರಲಿ ಎಂದು ಕಾಯುವುದು ನನ್ನ ನೌಕರಿ. ಇಲ್ಲಿ ನಗುವಂಥ ಪ್ರಸಂಗಗಳಿಗೆ ಬರವಿಲ್ಲ. ನಗುವ ಧೈರ್ಯ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ.

೧

ನಮ್ಮ ಪೈಲಟ್ ಒಬ್ಬರು ಧಾರವಾಡದ ಕಡೆಯವರು. ನಾಗಪುರದಲ್ಲಿ ಕನ್ನಡ ಕಿವಿಗೆ ಬಿದ್ದದ್ದೇ ತಡ, ಹುದ್ದೆಯ ಅಂತರ ಮರೆತು ಗಂಡಹೆಂಡತಿ ನಮ್ಮ ಮನೆಗೆ ರೊಟ್ಟಿ ತಿನ್ನಲು ಬರತೊಡಗಿದರು. ವಿಮಾನ ಹೇಗೆ ಇಳಿಸುತ್ತೀರಿ ಎಂದು ನನ್ನ ಹೆಂಡತಿ ಕೇಳಿದಳು. ಹಿಂದಿನ ಚಕ್ರ ನೆಲ ಮುಟ್ಟಿದ ಮೇಲೂ ವಿಮಾನದ ಮೂಗು ಮೇಲೆತ್ತಿ ಹಿಡಿಯಬೇಕು, ಗಾಳಿಯೇ ವೇಗ ತಗ್ಗಿಸುತ್ತದೆ. ಆಗ ಮುಂದಿನ ದಾರಿ ಸರಿಯಾಗಿ ಕಾಣುವುದಿಲ್ಲ, ಪಕ್ಕದ ಅಂಚು ನೋಡಿಕೊಂಡು ನೇರ ಹೋಗಬೇಕು ಎಂದರು ಪೈಲಟ್.

“ನಮ್ಮವರು ಸೀತಾಬರ್ಡಿ ಬಜಾರದೊಳಗ ಸ್ಕೂಟರ್ ಹಿಂಗೇ ಓಡಸ್ತಾರ್ರಿ” ಎಂದಳು ನನ್ನವಳು. ಎಲ್ಲರೂ ನಕ್ಕೆವು. ಪೈಲಟ್ಟರ ಹೆಂಡತಿ ಮಾತ್ರ ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು.

೨

ನಮ್ಮ ತಾಲೀಮಿಗೆ ಮರಳು ತುಂಬಿದ ಒಂದು ಗೊಂಬೆ ಇದೆ. ಅದನ್ನು ಪೈಲಟ್ಟಿನ ಸೀಟಿನಿಂದ ಎಳೆದು ಹೊರಗೆ ಹಾಕಬೇಕು. ಜಲ್ದಿ ಎಳೆಯಿರಿ, ಮಾತಾಡುತ್ತ ನಿಲ್ಲಬೇಡಿ ಎಂದು ಸಾಹೇಬರ ಅಪ್ಪಣೆ. ಒಮ್ಮೆ ಅದರ ತೋಳೇ ಕಿತ್ತು ನನ್ನ ಕೈಗೆ ಬಂತು. ಹೀಗೆಳೆದರೆ ಮನುಷ್ಯನ ಗತಿಯೇನು ಎಂದೆ. ಇಷ್ಟು ವರ್ಷದಲ್ಲಿ ಈತ ಒಂದು ಸಲವೂ ತಕರಾರು ಮಾಡಿಲ್ಲ ಎಂದರು ಸಾಹೇಬರು.

೩

ಒಂದು ಮಧ್ಯಾಹ್ನ ಇದೇ ಧಾರವಾಡದವರ ವಿಮಾನ ಇಳಿಯಿತು. ವೇಗ ತಡೆಯಬೇಕಾದ ಹಿಂದಿನ ಪ್ಯಾರಾಚೂಟ್ ಬಿಚ್ಚಲಿಲ್ಲ. ವಿಮಾನ ನುಗ್ಗಿ ರನ್‌ವೇ ಕೊನೆಯಲ್ಲಿ ವಿಮಾನ ತಡೆಯಲು ಕಟ್ಟಿದ ಬಲೆಗೆ ಬಿತ್ತು, ಚಕ್ರದಿಂದ ಹೊಗೆ ಎದ್ದಿತು. ವಿಮಾನಕ್ಕೆ ಏಣಿ ಹಚ್ಚಿ ಹತ್ತಿದೆ. ನಮ್ಮ ಮನೆಯಲ್ಲಿ ಉಂಡ ಹುಡುಗ, ಬದುಕಿರಲಿ ದೇವರೇ ಎಂದು ಬೇಡಿಕೊಂಡೆ.

ಅವರು ಬದುಕಿದ್ದರು. “ಕಾಕಾ, ಏನೂ ಆಗಿಲ್ರಿ, ನಾನ ಇಳೀತೀನಿ” ಎಂದರು. ತಾಲೀಮಿನ ಗೊಂಬೆ ಎಂದೂ ಮಾತಾಡಿರಲಿಲ್ಲ, ಹಾಗಾಗಿ ಮಾತು ನನ್ನ ತಲೆಗೇ ಹೋಗಲಿಲ್ಲ. ಪಟ್ಟಿ ಬಿಚ್ಚಿ ಎಳೆದುಬಿಟ್ಟೆ. ವಿಮಾನದಿಂದ ಒಂದು ಗೀರೂ ಆಗದವರ ಹೆಗಲಿನ ಮೂಳೆ ನನ್ನ ಕೈಯಲ್ಲಿ ಮುರಿಯಿತು.

ಮರುದಿನ ಆಸ್ಪತ್ರೆಯಲ್ಲಿ ಅವರ ಹೆಂಡತಿ ನನ್ನನ್ನು ಹೊರಗೆ ಕರೆದರು. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತೆ.

“ಮೂಳಿ ಕೂಡೂತನಕಾ ಹಾರಾಕ ಬಿಡೂದಿಲ್ಲಂತ ಡಾಕ್ಟರ್ ಹೇಳ್ಯಾರ, ಕಾಕಾ. ಮದುವಿ ಆದಾಗಿಂದ ನಾ ಬರೋಬರ್ ನಿದ್ದಿ ಮಾಡಿದ್ದು ನಿನ್ನೆನ.”

ಕಣ್ಣೊರೆಸಿಕೊಂಡು, ದನಿ ತಗ್ಗಿಸಿ ಹೇಳಿದರು:

“ಇದು ಕೂಡಿದ ಮ್ಯಾಲ, ಆ ಕಡೀದೊಂದು ಮುರಿದು ಕೊಡ್ರಿ.”