ಅಕ್ಕನ ಕುಂಡ

ಹೆಂಡತಿ: ಕೊಳೆತುಹೋಗಿದೆ ರೀ. ಬುಡ ಮುಟ್ಟಿದ್ರೆ ಪಿಚಕ್ ಅನ್ನತ್ತೆ. ಇನ್ನೂ ಅದನ್ನ ಗಿಡ ಅಂತೀರಲ್ಲ.

ಗಂಡ: ಸುಸ್ತಾಗಿದೆ ಅಷ್ಟೇ ಕಣೇ. ಬಿಸಿಲಲ್ಲಿ ನಿಂತಿತ್ತಲ್ಲ, ಇನ್ನೊಂದು ಲೋಟ ನೀರು ಕುಡಿಸಿದ್ರೆ ಎದ್ದು ಕೂರತ್ತೆ.

(ಗಂಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಬಿಸಿಲಲ್ಲಿ ನಿಂತವರಿಗೆಲ್ಲ ನೀರು ಕುಡಿಸುವುದು ಅವನ ಕಸುಬಿನ ಚಾಳಿ. ತಿಂಗಳ ಹಿಂದೆ ಪ್ರವಾಸಕ್ಕೆ ಹೊರಟ ಅವನ ಅಕ್ಕ ತನ್ನ ಸಕ್ಯುಲೆಂಟ್ ಕುಂಡವನ್ನು ಇವರ ಕಿಟಕಿಯಲ್ಲಿಟ್ಟು ಹೋದಾಗಿನಿಂದ ಅದಕ್ಕೂ ಬೆಳಿಗ್ಗೆ ಸಂಜೆ ಕುಡಿಸಿದ್ದಾನೆ. ಅಕ್ಕ ಈಗ ಬಸ್ಸಿಳಿದು ಇತ್ತಲೇ ಬರುತ್ತಿದ್ದಾಳೆ.)

ಹೆಂಡತಿ: ಎಲೆ ಎಷ್ಟು ದಪ್ಪ ಇತ್ತು ನೋಡಿದ್ರಾ? ಒಳಗೇ ನೀರು ತುಂಬಿಟ್ಕೊಳ್ಳೋ ಜಾತಿ ಅದು. ಮಣ್ಣು ಪೂರ್ತಿ ಒಣಗಿದ ಮೇಲೆ ಹಾಕಿ ಅಂತ ಬಡ್ಕೊಂಡೆ.

ಗಂಡ: ನೀನು ಬಡ್ಕೊಳ್ಳೋದು ದಿನಾ ಇದ್ದದ್ದೇ. ಯಾವುದು ಯಾವ ವಿಷಯಕ್ಕೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?

ಹೆಂಡತಿ: ನಿಮ್ಮಕ್ಕ ಬಂದು ಯಾರನ್ನ ಬೈತಾರೆ ಹೇಳಿ. ನಿಮ್ಮನ್ನಲ್ಲ. ಇವಳ ಕೈಲಿ ಏನೂ ಉದ್ಧಾರ ಆಗಲ್ಲ ಅಂತ ಮದುವೆಯಾದಾಗಿಂದ ನೆಂಟರಿಗೆಲ್ಲ ಸಾರ್ಕೊಂಡು ಬಂದಿದಾರೆ. ಇವತ್ತು ಸಾಕ್ಷಿನೂ ಸಿಕ್ತು. ಅಳು ಬರ್ತಿದೆ ರೀ ನಂಗೆ.

ಗಂಡ: ಅಳಬೇಡ್ವೇ. ಉದುರಿದ ಎಲೆ ಆರಿಸ್ಕೊಂಡು ಏನೋ ಮಾಡ್ತಿದ್ಯಲ್ಲ, ಅದೇನಾಯ್ತು?

(ಉದುರಿದ ಎಲೆಗಳನ್ನು ಹೆಂಡತಿ ಒಂದು ಟ್ರೇಯಲ್ಲಿ ಮರಳುಮಣ್ಣಿನ ಮೇಲೆ ಹರಡಿ, ಪಾತ್ರೆ ತೊಳೆಯುವ ಸಿಂಕಿನ ಮೇಲಿನ ಕಿಟಕಿಯಲ್ಲಿಟ್ಟಿದ್ದಳು. ಗಂಡ ಆ ದಿಕ್ಕಿಗೆ ತಲೆ ಹಾಕುವವನಲ್ಲ. ಹಾಗಾಗಿ ಪ್ರತಿ ಎಲೆಯ ತುದಿಯಲ್ಲೂ ಬೇರು ಬಿಟ್ಟು, ಅಂಗಿ ಗುಂಡಿಯಷ್ಟು ಪುಟ್ಟ ಮರಿಗಿಡ ಎದ್ದಿತ್ತು.)

ಹೆಂಡತಿ: ಮರಿ ತೋರ್ಸಿದ್ರೆ ತಾಯಿ ಎಲ್ಲಿ ಅಂತಾರೆ.

(ಅಕ್ಕ ಬಂದವಳೇ ಚೀಲವನ್ನೂ ಇಳಿಸದೆ ಕಿಟಕಿಯತ್ತ ನಡೆದಳು. ಗಂಡ ಕುಂಡಕ್ಕೆ ಅಡ್ಡ ನಿಂತ. ಅಕ್ಕ ಅವನನ್ನು ಪಕ್ಕಕ್ಕೆ ತಳ್ಳಿದಳು.)

ಅಕ್ಕ: ಸತ್ತೋಯ್ತಾ?

ಗಂಡ: ತಪ್ಪು ನಂದೇ ಅಕ್ಕ. ಇವಳನ್ನ ಏನೂ ಅನ್ಬೇಡ.

ಅಕ್ಕ: ಪೂರ್ತಿ ಸತ್ತಿದೆ ತಾನೆ? ಮತ್ತೆ ಚಿಗುರಲ್ಲ ತಾನೆ? ಅಬ್ಬ, ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ.

(ಅಕ್ಕ ಚೀಲ ಇಳಿಸಿ ಕುರ್ಚಿಯಲ್ಲಿ ಹಾಯಾಗಿ ಕೂತಳು.)

ಅಕ್ಕ: ನಮ್ಮತ್ತೆ ಕೊಟ್ಟ ಗಿಡ. ದಿನಾ ವಿಡಿಯೋ ಕಾಲ್ ಮಾಡಿ, ಎಲೆ ಒರೆಸಿದ್ಯಾ, ಕುಂಡ ತಿರುಗಿಸಿದ್ಯಾ ಅಂತ ಪ್ರಾಣ ತಿಂತಾರೆ. ನಾನೇ ಸಾಯಿಸಿದ್ರೆ ನನ್ನ ಬಿಡ್ತಾರಾ? ನಿಮ್ಮನೇಲಾದ್ರೆ ಗ್ಯಾರಂಟಿ ಸಾಯತ್ತೆ ಅಂತ ತಂದಿಟ್ಟೆ. ನಿನ್ನ ಹೆಂಡ್ತಿ ಕೈಗುಣದ ಮೇಲೆ ನಂಗೆ ಅಷ್ಟು ನಂಬಿಕೆ.

(ಹೆಂಡತಿಯ ಅಳು ಅಲ್ಲೇ ನಿಂತಿತು. ಮೈಯೆಲ್ಲ ಉರಿದುಹೋಯಿತು. ಸೀದಾ ಒಳಗೆ ಹೋದಳು. ಫೋನಿನಲ್ಲಿ ಯಾರೊಂದಿಗೋ ನಯವಾಗಿ ಮಾತಾಡುವುದು ಕೇಳಿಸಿತು. ಆಮೇಲೆ ಟ್ರೇ ಹಿಡಿದು ಬಂದು ಅತ್ತಿಗೆಯ ಮಡಿಲಲ್ಲಿಟ್ಟಳು.)

ಹೆಂಡತಿ: ತಗೊಳ್ಳಿ ಅತ್ತಿಗೆ. ಒಂದು ಹೋಯ್ತು, ಟ್ರೇ ತುಂಬ ಬಂತು. ಎಲ್ಲ ನನ್ನ ಕೈಗುಣ.

ಅಕ್ಕ: (ಮುಖ ಬಿಳಿಚಿ) ಇದನ್ನ ನಮ್ಮತ್ತೆಗೆ ಹೇಳ್ಬೇಡ ಕಣೇ, ನಿನ್ನ ದಮ್ಮಯ್ಯ.

ಹೆಂಡತಿ: ಆಗ್ಲೇ ಹೇಳಿದೆ. ಪಾಪ, ಕುಣಿದಾಡಿಬಿಟ್ರು. ಅತ್ತಿಗೆ ಒಬ್ರೇ ಇಷ್ಟೊಂದು ಮರಿ ಸಾಕೋದು ಕಷ್ಟ ಅಂದೆ. ನಾಳೇನೇ ನಿಮ್ಮನೆಗೆ ಬರ್ತಾರಂತೆ.

ಅಕ್ಕ: ಎಷ್ಟು ದಿನಕ್ಕೆ?

ಹೆಂಡತಿ: ಅವರೂ ಅದನ್ನೇ ಕೇಳಿದ್ರು. ಎಲ್ಲಾ ಮರೀನೂ ದೊಡ್ಡದಾಗಿ ಹೂ ಬಿಡೋ ತನಕ ಇದ್ದುಬಿಡಿ ಅಂದೆ.