ಕಷಾಯಕ್ಕೂ ಒಂದು ಟಿಕೆಟ್ಟು

ಮೊದಲೇ ಹೇಳಿಬಿಡುತ್ತೇನೆ. ಕೊಟ್ಟೂರಿನ ನಮ್ಮ ಸೋದರಮಾವ ತನ್ನ ಕಷಾಯವನ್ನು ಪರೀಕ್ಷೆಗೆ ಕೂರಿಸಿದ ಆ ಚಳಿಗಾಲದಲ್ಲಿ ಏನೇನು ನಡೆಯಿತು ಎನ್ನುವುದು ನನಗೆ ಪೂರ್ತಿ ಖಾತ್ರಿಯಿಲ್ಲ. ಫಲಿತಾಂಶ ಹೇಳಿದ ದಿನ, 'ಆ ಟಿಕೆಟ್ಟುಗಳನ್ನ ಇತ್ಲಾಗ ಕೊಡು, ನಾನೂ ಒಮ್ಮೆ ನೋಡ್ತೀನಿ' ಎಂದು ನಾನು ಕೇಳಿದೆ, ಅವನು ಕೊಡಲಿಲ್ಲ ಎಂದು ನನ್ನ ನೆನಪು. ಅತ್ತೆಯ ನೆನಪು ಬೇರೆ. ನಾನು ಟಿಕೆಟ್ಟು ಕೇಳಲೇ ಇಲ್ಲವಂತೆ, ಇನ್ನೊಂದು ತಟ್ಟೆ ಮಂಡಕ್ಕಿ ಕೇಳಿದೆನಂತೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಮ್ಮೆಸ್ಸಿ ಮಾಡಿ, ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ 'ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ' ಎಂದು ದಿನವೂ ಕೂಗುವವನ ಮಾನ ಒಂದು ತಟ್ಟೆ ಮಂಡಕ್ಕಿಯ ಮೇಲೆ ನಿಂತಿದೆ.

ಒಂದು ಮಾತ್ರ ಖಾತ್ರಿ. ನಮ್ಮ ಮಾವನಷ್ಟು ಪ್ರಾಮಾಣಿಕ ಮನುಷ್ಯ ನಮ್ಮ ಐದು ತಾಲ್ಲೂಕುಗಳಲ್ಲಿ ಇನ್ನೊಬ್ಬನಿಲ್ಲ. ಅಂಥವನ ಜೊತೆ ಬಾಳುವುದು ಎಷ್ಟು ಕಷ್ಟ ಎನ್ನುವುದನ್ನು ಅತ್ತೆಯನ್ನೇ ಕೇಳಬೇಕು.

ಮಾವ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವನು. ಕೂಡ್ಲಿಗಿಯಲ್ಲಿ ಸೀಟಿ ಊದಿದರೆ ಕೊಟ್ಟೂರು, ಹರಪನಹಳ್ಳಿ, ಹಡಗಲಿ ಸುತ್ತಿ ಹಗರಿಬೊಮ್ಮನಹಳ್ಳಿಯಲ್ಲಿ ಚಹಾ ಕುಡಿಯುವ ನೌಕರಿ. ಮೂವತ್ತೊಂದು ವರ್ಷದಲ್ಲಿ ಟಿಕೆಟ್ಟಿಗೆ ಒಂದೇ ಒಂದು ತಪ್ಪು ತೂತು ಹಾಕಿದವನಲ್ಲ. ಅವನ ಮದುವೆ ಹಡಗಲಿಯಲ್ಲಿ, ಅತ್ತೆಯ ತವರಿನಲ್ಲಿ ಆಯಿತು. ದಿಬ್ಬಣ ತಿರುಗಿ ಹತ್ತಿದ್ದು ಅವನದೇ ಮಾರ್ಗದ ಬಸ್ಸು. ಆ ದಿನದ ಕಂಡಕ್ಟರು ಮಾವನ ಗೆಳೆಯ. 'ಮದುಮಗಳಿಗೆ ಏನು ಟಿಕೆಟ್ಟೋ ಮಾರಾಯ' ಎಂದು ನಕ್ಕು ಮುಂದಕ್ಕೆ ಹೋದ. ಬಾಸಿಂಗ ಕಟ್ಟಿಕೊಂಡಿದ್ದ ಮಾವ ಎದ್ದು ಹೋಗಿ ಅವನ ರಟ್ಟೆ ಹಿಡಿದು ನಿಲ್ಲಿಸಿ, ಹೊಸ ಹೆಂಡತಿಗೆ ಒಂದು ಫುಲ್ಲು, ಅವಳ ಟ್ರಂಕಿಗೆ ಒಂದು ಲಗೇಜು ಹರಿಸಿಕೊಂಡು ಬಂದು ಕೂತ.

"ತಾಳಿ ಕಟ್ಟಿದ ದಿನಾನ ನನ್ನ ಹೆಸರಿಗೆ ಟಿಕೆಟ್ ಹರಿಸಿದ ಗಂಡಸು ಇವರು" ಎಂದು ಅತ್ತೆ ಈಗಲೂ ಹೇಳುತ್ತಾಳೆ. ಬೈಗುಳವೋ ಹೊಗಳಿಕೆಯೋ ತಿಳಿಯುವುದಿಲ್ಲ. ಆ ಟಿಕೆಟ್ಟನ್ನು ಅವಳು ತಾಳಿಯ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ ಎನ್ನುವುದು ಮಾತ್ರ ಗೊತ್ತು.

ಕಷಾಯವೂ ಬಸ್ಸಿನಲ್ಲೇ ಹುಟ್ಟಿದ್ದು. ಗುಡೇಕೋಟೆಯ ಕುರಿಗಾಹಿಯೊಬ್ಬ ನೆಲಬೇವಿನ ಕಟ್ಟು ತೋರಿಸಿ ಜ್ವರಕ್ಕೆ ಒಳ್ಳೆಯದೆಂದ. ಬಾಗಳಿಯ ಮುದುಕಿಯೊಬ್ಬಳು ಅಮೃತಬಳ್ಳಿಯ ತುಂಡು ಕೊಟ್ಟಳು. ಕೆಮ್ಮಿಗೆ ಆಡುಸೋಗೆ ಎಂದು ಇನ್ಯಾರೋ ಹೇಳಿದರು, ಅದು ಅವನ ಹಿತ್ತಲ ಬೇಲಿಯಲ್ಲೇ ಇತ್ತು. ಯಾರ ಸೊಪ್ಪನ್ನೂ ಪುಕ್ಕಟೆ ಮುಟ್ಟಿದವನಲ್ಲ, ಪ್ರತಿಯಾಗಿ ಒಂದು ಹಿಡಿ ಶೇಂಗಾ ಕೊಡುತ್ತಿದ್ದ. ಇವಿಷ್ಟಕ್ಕೂ ಶುಂಠಿ ಮೆಣಸು ಜಜ್ಜಿ ಹಾಕಿ ಮಾವ ಕುದಿಸುತ್ತಿದ್ದ ಕಪ್ಪು ನೀರು ನಿವೃತ್ತಿಯ ಹೊತ್ತಿಗೆ ಇಡೀ ಓಣಿಯ ನೆಗಡಿಗೆ ಹಕ್ಕಿನ ಔಷಧಿಯಾಗಿತ್ತು.

ಆದರೆ ನಮ್ಮ ಮನೆಯ ಚಿಂತೆ ಓಣಿಯ ನೆಗಡಿಯದ್ದಲ್ಲ, ಅತ್ತೆಯ ಎದೆಯದ್ದು. ಕೊರೊನಾ ಬಂದು ಹೋದ ಮೇಲೆ ಪ್ರತಿ ಚಳಿಗಾಲವೂ ಅವಳ ನೆಗಡಿ ಮೂಗಿನಿಂದ ಎದೆಗೆ ಇಳಿದು ಅಲ್ಲೇ ಮನೆ ಮಾಡುತ್ತಿತ್ತು. ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ದಾವಣಗೆರೆಯ ಎದೆ ಡಾಕ್ಟರಲ್ಲಿಗೆ ಹೋಗೋಣವೆಂದರೆ ಕೇಳುತ್ತಿರಲಿಲ್ಲ.

"ಮನಿಯಾಗ ದವಾಖಾನಿ ಇಟ್ಕೊಂಡು ದಾವಣಗೆರಿಗೆ ಯಾಕ ಹೋಗ್ಲಿ? ಇವರ ಕಷಾಯ ಐತಲ್ಲ."

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ.

"ಮಾವ, ನೆಗಡಿ ಅಂದ್ರ ವೈರಸ್ಸು. ಅದು ಕೂಡ್ಲಿಗಿಯಾಗ ಹತ್ತಿ ಹಡಗಲಿಯಾಗ ಇಳಿಯೋ ಪ್ಯಾಸೆಂಜರ್. ನೀ ಟಿಕೆಟ್ ಕೊಟ್ರೂ ಇಳೀತೈತಿ, ಕೊಡದಿದ್ರೂ ಇಳೀತೈತಿ. ನಿನ್ನ ಕಷಾಯನ ಇಳಿಸ್ತು ಅಂತ ಹೆಂಗ ಹೇಳ್ತಿ?"

ಬೇರೆ ಯಾರಾದರೂ ಆಗಿದ್ದರೆ ಪುರಾತನರ ಜ್ಞಾನ, ಪರದೇಶದವರ ಪಿತೂರಿ ಎಂದೆಲ್ಲ ಶುರುಮಾಡುತ್ತಿದ್ದರು. ನಾನೂ ಅದಕ್ಕೆ ಉತ್ತರ ಮಸೆದು ಇಟ್ಟುಕೊಂಡಿದ್ದೆ. ಮಾವ ಅಡಿಕೆ ಜಗಿಯುವುದನ್ನು ನಿಲ್ಲಿಸಿದ.

"ಪ್ರಶ್ನಿ ಖರೇ ಐತಿ. ಚೆಕ್ಕಿಂಗ್ ಆಗ್ಬೇಕು" ಎಂದ.

ಕಂಡಕ್ಟರಿಗೆ 'ಚೆಕ್ಕಿಂಗ್' ಎನ್ನುವುದು ಎಂಥ ಪವಿತ್ರ ಶಬ್ದ ಎನ್ನುವುದು ನಿಮಗೆ ಗೊತ್ತಿಲ್ಲದಿರಬಹುದು. ಅತ್ತೆ ಒಳಗಿನಿಂದಲೇ ಷರತ್ತು ಹಾಕಿದಳು. "ಆಗ್ಲಿ. ಫರಕ್ ಕಂಡ್ರ ನಾನು ಕಷಾಯ ಬಿಡಂಗಿಲ್ಲ, ನೀ ಆ ಡಾಕ್ಟರ್ ಸುದ್ದಿ ಎತ್ತಂಗಿಲ್ಲ. ಫರಕ್ ಕಾಣದಿದ್ರ ಮರುದಿನಾನ ದಾವಣಗೆರಿ. ಆದ್ರ ಆ ಮಾತು ಇವರ ಬಾಯಿಂದ ಬರ್ಬೇಕು. ನಿನ್ನ ಎಮ್ಮೆಸ್ಸಿ ಬಾಯಿ ನಾನು ನಂಬಂಗಿಲ್ಲ."

ನಾನು ವಿಧಾನ ವಿವರಿಸಿದೆ. ಅರ್ಧ ಜನಕ್ಕೆ ನಿಜವಾದ ಕಷಾಯ, ಉಳಿದರ್ಧಕ್ಕೆ ನೋಡಲು ಅದರಂತೆಯೇ ಇರುವ, ಔಷಧಿಯಲ್ಲದ ಸುಳ್ಳು ಕಷಾಯ. ಯಾರಿಗೆ ಯಾವುದೆಂದು ಕುಡಿಯುವವರಿಗೂ ಕೊಡುವವನಿಗೂ ಗೊತ್ತಿರಬಾರದು. ಸರಳ ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಕಡೆ ಔಷಧಿಯಲ್ಲದ ವಸ್ತುವೇ ಇಲ್ಲ ಎನ್ನುವುದನ್ನು ಯಾವ ವಿಶ್ವವಿದ್ಯಾಲಯವೂ ನನಗೆ ಕಲಿಸಿರಲಿಲ್ಲ.

ಮೆಂತ್ಯ ಎಂದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದಳು ಅತ್ತೆ. ಹಾಗಲಕಾಯಿಗೂ ಅದೇ ಉತ್ತರ. ಮೆಕ್ಕೆಜೋಳದ ಕೂದಲು ಎಂದರೆ ಮೂತ್ರದ ಉರಿಗೆ ಎಂದಳು ಪಕ್ಕದ ಮನೆಯವಳು. ರೋಸಿಹೋಗಿ ಶೇಂಗಾ ಸಿಪ್ಪೆ ಕುದಿಸುತ್ತೇನೆ ಎಂದೆ. ಎದುರಿಗೆ ಮೋಟಾರ್ ಸೈಕಲ್ ರಿಪೇರಿ ಮಾಡುವ ಚಾಚಾ ಸ್ಪ್ಯಾನರ್ ಕೆಳಗಿಟ್ಟು ಎದ್ದು ಬಂದರು.

"ಅದನ್ನ ಸುಟ್ಟು ಹಲ್ಲುಜ್ಜಿ ನೋಡ್ರಿ ಸರ್, ಹಲ್ಲು ಅಂದ್ರ ಬೇರಿಂಗ್ ಕೂತಂಗ ಕೂರ್ತಾವ."

ಕೊನೆಗೆ ಯಾರೂ ಗುಣ ಹೇಳಲಾರದ ಒಂದೇ ವಸ್ತು ಸಿಕ್ಕಿತು. ಸಕ್ಕರೆ. ಅದನ್ನು ಕಪ್ಪಾಗುವ ತನಕ ಸುಟ್ಟು ನೀರು ಹೊಯ್ದರೆ ಬಣ್ಣಕ್ಕೆ ಬಣ್ಣ, ಕಹಿಗೆ ಕಹಿ. ಮೂಗು ಕಟ್ಟಿದವರಿಗೆ ಎರಡೂ ಒಂದೇ. ಮಾವನ ಕಷಾಯದ ರುಚಿ ಒಂದು ವರ್ಷದಂತೆ ಇನ್ನೊಂದು ವರ್ಷ ಇರುತ್ತಿರಲಿಲ್ಲವಾದ್ದರಿಂದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಮಾವನಿಗಂತೂ ಕೊರೊನಾದಲ್ಲಿ ಹೋದ ವಾಸನೆ ತಿರುಗಿ ಬಂದೇ ಇರಲಿಲ್ಲ. ಇಂಥ ಪರೀಕ್ಷೆಗೆ ಇದಕ್ಕಿಂತ ಯೋಗ್ಯ ಮನುಷ್ಯ ಬೇಕೆ?

ಕಾಲೇಜಿಗೆ ರಜೆಯಿತ್ತು. ಓಣಿಯಲ್ಲಿ ನೆಗಡಿ ಮನೆಯಿಂದ ಮನೆಗೆ ಹಬ್ಬುತ್ತಿತ್ತು. ನಾನು ಒಳಗೆ ಬಾಗಿಲು ಹಾಕಿಕೊಂಡು ಎರಡನ್ನೂ ಕುದಿಸಿ, ಒಂದು ಫ್ಲಾಸ್ಕಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ ಹೊರಗಿಡುತ್ತಿದ್ದೆ. ಯಾವ ದಾರ ಯಾವುದಕ್ಕೆ ಎನ್ನುವುದು ನನ್ನೊಬ್ಬನಿಗೇ ಗೊತ್ತು. ಮಾವ ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹದಿನಾಲ್ಕು ಟಿಕೆಟ್ಟು ಮಾಡಿದ, ಏಳಕ್ಕೆ ಕೆಂಪು ದಾರ, ಏಳಕ್ಕೆ ಬಿಳಿ. ಪ್ರತಿಯೊಂದರ ಅಂಚಿನಲ್ಲೂ ಒಂದರಿಂದ ಹತ್ತರ ತನಕ ಅಂಕಿ. ಮಾವನ ಸ್ವಂತದ ಹಳೆಯ ಚರ್ಮದ ಚೀಲದೊಳಗೆ ಕೈ ಹಾಕಿ ರೋಗಿ ಒಂದು ಟಿಕೆಟ್ಟು ಎತ್ತಬೇಕು, ಆ ಬಣ್ಣದ ಫ್ಲಾಸ್ಕಿನದೇ ದಿನವೂ ಕುಡಿಯಬೇಕು. ಎಷ್ಟನೆಯ ದಿನ ಗುಣವಾಯಿತೋ ಆ ಅಂಕಿಯ ಮೇಲೆ ಮಾವ ತೂತು ಹಾಕುತ್ತಾನೆ, ದಾರದ ಗುಟ್ಟು ಗೊತ್ತಿರುವ ನಾನು ಆ ತೂತುಗಳನ್ನು ನೋಡುವಂತಿಲ್ಲ. ತೂತಿನ ಪಂಚು ಇಲಾಖೆಯದ್ದಲ್ಲ. ಇಲಾಖೆಯದನ್ನು ನಿವೃತ್ತಿಯ ದಿನವೇ ಮರಳಿಸಿ ರಸೀದಿ ಪಡೆದಿದ್ದ. ಇದು ಪುಸ್ತಕದ ಅಂಗಡಿಯದು.

ಗುಣವಾಯಿತು ಎಂದು ಸುಮ್ಮನೆ ಬಾಯಲ್ಲಿ ಹೇಳಿದರೆ ನಡೆಯುತ್ತಿರಲಿಲ್ಲ. ಮಾವನ ಜೊತೆ ಬಸ್‌ಸ್ಟ್ಯಾಂಡಿನ ತನಕ ನಡೆದು ಹೋಗಿ ಕೆಮ್ಮದೆ ವಾಪಸು ಬಂದರೆ ಮಾತ್ರ ತೂತು. ಜ್ವರ ಏರಿದವರಿಗೆ ಟಿಕೆಟ್ಟೇ ಇಲ್ಲ. "ನಮ್ ಬಸ್ಸು ನಿಮ್ಮೂರಿಗೆ ಹೋಗಂಗಿಲ್ರಿ, ನೀವು ಸೀದಾ ದವಾಖಾನಿ ಬಸ್ ಹತ್ರಿ" ಎಂದು ತಾನೇ ಕರೆದುಕೊಂಡು ಹೋಗಿ ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಿಸಿ ಬರುತ್ತಿದ್ದ.

ಚಾಚಾರಿಗೆ ಸಿಕ್ಕಿದ್ದು ಬಿಳಿ ದಾರ, ಅಂದರೆ ಸುಟ್ಟ ಸಕ್ಕರೆ. ನಾಲ್ಕನೆಯ ದಿನ ಮೂಗು ಒರೆಸಿಕೊಳ್ಳುತ್ತಲೇ ಬಂದು ಹೇಳಿದರು.

"ನೆಗಡಿ ಹಂಗ ಐತ್ರಿ. ಆದ್ರ ಮೊಣಕಾಲು ನೋವು ಹೋಗೇಬಿಡ್ತು. ಜಬರ್‌ದಸ್ತ್ ಔಷಧಿ!"

ನಾನು ಅತ್ತ ತಿರುಗಿ ನಕ್ಕೆ. ಮಾವ ನಗಲಿಲ್ಲ. ಟಿಕೆಟ್ಟಿನ ಹಿಂದೆ 'ಮೊಣಕಾಲು' ಎಂದು ಬರೆದುಕೊಂಡ.

ಎರಡನೆಯ ವಾರದಲ್ಲಿ ಇರಬೇಕು, ಹಿತ್ತಲಿನಲ್ಲಿ ಆಡುಸೋಗೆ ಎಲೆ ಕೀಳುತ್ತಿದ್ದೆವು. ಅತ್ತೆ ನೀರಿನ ಕೊಡ ತುಂಬಿಕೊಂಡು ಹೊರಟವಳು ನಡುವೆ ಇಳಿಸಿ, ಗೋಡೆಗೆ ಅಂಗೈ ಕೊಟ್ಟು ನಿಂತಳು. ಉಸಿರು ಎಳೆಯುವ ಸದ್ದು ನಮ್ಮ ತನಕ ಕೇಳಿತು. ನಾನು ಕೊಡ ಎತ್ತಲು ಹೋದರೆ "ಬಿಡಲೇ, ನನ್ನ ಕೊಡ ನಾ ಒಯ್ತೀನಿ" ಎಂದು ಗದರಿದಳು. ಮಾವ ಎಲೆ ಕೀಳುವುದನ್ನು ಬಿಟ್ಟು ಮೆಲ್ಲಗೆ ಕೇಳಿದ.

"ಅಳಿಯಾ, ನೆಗಡಿಗೆ ಇದು ಆತು ಅಂತ ಇಟ್ಕೋ. ಆಕಿ ಎದಿಗೂ ಆಗ್ತೈತಿ ಅಂತ ಏನೈತಿ? ಕೊಟ್ಟೂರಿನ ಟಿಕೆಟ್ಟಿನ ಮ್ಯಾಲ ಹಡಗಲಿ ತನಕ ಹೋಗಾಕ ಬರ್ತೈತೇನು?"

ಬರುವುದಿಲ್ಲ ಎಂದೆ. ಬೇರೆ ಬೇರೆ ಪರೀಕ್ಷೆ ಬೇಕು ಎಂದೆ. ಇನ್ನೂ ಏನೇನೋ ಉಪನ್ಯಾಸ ಕೊಟ್ಟೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ, ಅತ್ತೆ ಕೊಡ ಎತ್ತಿಕೊಳ್ಳುವುದನ್ನೇ ನೋಡುತ್ತಿದ್ದ.

ಹದಿನಾಲ್ಕನೆಯ ಟಿಕೆಟ್ಟೂ ತಿರುಗಿ ಬಂದ ಭಾನುವಾರ ಫಲಿತಾಂಶ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತ. ಅತ್ತೆ ಹೊಸ್ತಿಲಲ್ಲಿ. ಚಾಚಾ ಅಂಗಡಿ ಬಿಟ್ಟು ಬಂದಿದ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು, ಅದಂತೂ ಎಲ್ಲರ ನೆನಪಿನಲ್ಲೂ ಇದೆ. ನಾನು ಗುಟ್ಟು ಬಿಟ್ಟುಕೊಟ್ಟೆ. "ಕೆಂಪು ದಾರ ಖರೇ ಕಷಾಯ. ಬಿಳೀದು ಸುಟ್ಟ ಸಕ್ಕರಿ."

ಮಾವ ಟಿಕೆಟ್ಟುಗಳನ್ನು ಎರಡು ಗುಂಪು ಮಾಡಿ, ಬೆಳಕಿಗೆ ಹಿಡಿದು ಒಂದೊಂದನ್ನೇ ನೋಡಿದ. ಮತ್ತೊಮ್ಮೆ ನೋಡಿದ. ತುಂಬ ಹೊತ್ತು ಹಿಡಿಯಿತು. ಆಮೇಲೆ ಎಲ್ಲವನ್ನೂ ಚೀಲದೊಳಗೆ ಹಾಕಿ ಗುಂಡಿ ಒತ್ತಿದ.

"ಕೆಂಪು ದಾರ ಏಳು ದಿನ. ಬಿಳಿ ದಾರ ಏಳು ದಿನ. ಫರಕ್ ಇಲ್ಲ."

"ಅಂದ್ರ ಇಷ್ಟು ವರ್ಷ ನೀವು ಕುದಿಸಿದ್ದು ಬರೇ ನೀರೇನ್ರಿ?" ಎಂದಳು ಅತ್ತೆ.

"ಹೌದು. ನೀರ. ನಾಳಿ ಏಳೂವರಿ ಬಸ್ಸಿಗೆ ದಾವಣಗೆರಿ. ಸ್ವೆಟರ್ ತೆಗೆದಿಟ್ಕೋ."

ಹೆಂಡತಿಗೇ ಟಿಕೆಟ್ಟು ಹರಿಸಿದವನ ಮಾತು. ಅದರ ಮೇಲೆ ಅವಳೇನು ವಾದಿಸಿಯಾಳು? ಚಾಚಾ ಮಾತ್ರ ಒಪ್ಪಲಿಲ್ಲ. "ಹಂಗಾದ್ರ ಆ ಬಿಳೀದನ್ನ ಇನ್ನೊಂದು ಬಾಟ್ಲಿ ಕೊಡ್ರಿ, ಮೊಣಕಾಲಿಗೆ" ಎಂದರು.

ಮರುದಿನ ಅತ್ತೆ ದಾವಣಗೆರೆಗೆ ಹೋದಳು. ಡಾಕ್ಟರು ಇಷ್ಟು ಚಳಿಗಾಲ ಕಾಯಬಾರದಿತ್ತು ಎಂದು ಬೈದು, ಬಾಯಲ್ಲಿಟ್ಟು ಎಳೆದುಕೊಳ್ಳುವ ಪಂಪು ಕೊಟ್ಟರು. ಅತ್ತೆ ಅದನ್ನು 'ಸೀಟಿ' ಎನ್ನುತ್ತಾಳೆ, ದಿನಕ್ಕೆ ಎರಡು ಸಲ ತಪ್ಪದೆ ಊದುತ್ತಾಳೆ. ಊದುವುದಲ್ಲ ಅತ್ತೆ, ಎಳೆಯುವುದು ಎಂದು ನಾನು ಹೇಳಿ ಹೇಳಿ ಸೋತಿದ್ದೇನೆ.

ಮಾವ ಕಷಾಯದ ಪಾತ್ರೆಯನ್ನು ಬೋರಲು ಹಾಕಿದವನು ಇವತ್ತಿಗೂ ಎತ್ತಿಲ್ಲ. ಕೇಳಿಕೊಂಡು ಬಂದವರಿಗೆ "ಬಸ್ ಬಂದ್ ಆಗೇತ್ರಿ" ಎನ್ನುತ್ತಾನೆ. 'ಏನು ಕಂಡಕ್ಟರೇ, ಇಷ್ಟು ವರ್ಷ ನಮಗೆ ನೀರು ಕುಡಿಸಿದ್ರಂತೆ' ಎಂದು ಓಣಿಯಲ್ಲಿ ಚುಚ್ಚುವವರು ಚುಚ್ಚಿದರು. "ಕುಡದ್ರಲ್ಲ, ಸತ್ರೇನು?" ಎಂದು ಎದೆ ಸೆಟೆಸಿ ನಡೆದ. ನಾನಂತೂ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಈ ಕತೆಯನ್ನು ವಿಜ್ಞಾನದ ವಿಜಯವೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಎಲ್ಲವನ್ನೂ ಎರಡು ಸಲ ತಿರುವಿ ನೋಡುವ ನಾನು, ನನ್ನ ಪರವಾಗಿ ಬಂದ ಫಲಿತಾಂಶವನ್ನು ಒಮ್ಮೆಯೂ ನೋಡಿರಲಿಲ್ಲ.

ಕಳೆದ ತಿಂಗಳು ಮಾವನ ಪಿಂಚಣಿಯ ಕಾಗದ ಹುಡುಕುತ್ತಾ ಅಲಮಾರಿನಲ್ಲಿ ಆ ಚರ್ಮದ ಚೀಲ ಸಿಕ್ಕಿತು. ಒಳಗೆ ಹದಿನಾಲ್ಕು ಟಿಕೆಟ್ಟುಗಳೂ ಇದ್ದವು. ನೆಲದ ಮೇಲೆ ಕೂತು ಬಣ್ಣದ ಪ್ರಕಾರ ಹರಡಿದೆ.

"ಸಿಕ್ತೇನಲೇ?" ಹೊರಗಿನಿಂದ ಮಾವ ಕೂಗಿದ.

"ಇನ್ನೂ ಹುಡುಕಾಕತ್ತೀನಿ ಮಾವ" ಎಂದೆ. ಆ ಮನೆಯಲ್ಲಿ ಹೇಳಿದ ಸುಳ್ಳುಗಳಲ್ಲಿ ನನಗೆ ಗೊತ್ತಿರುವಂತೆ ಅದು ಎರಡನೆಯದು.

ಕಿಟಕಿಯಾಚೆ ಅತ್ತೆ ತುಂಬಿದ ಕೊಡ ಹೊತ್ತು, ಯಾರನ್ನೋ ಬೈಯುತ್ತಾ, ಎಲ್ಲೂ ನಿಲ್ಲದೆ ಹಿತ್ತಲಿನಿಂದ ಅಡುಗೆ ಮನೆಗೆ ಹೋದಳು. ಹದಿನಾಲ್ಕು ಜನರಿಂದ ಏನೂ ಸಾಬೀತಾಗುವುದಿಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಇನ್ನೊಂದು ಓಣಿಯಲ್ಲಿ ಇದೇ ಪರೀಕ್ಷೆ ಮಾಡಿದರೆ ಉಲ್ಟಾ ಆಗಬಹುದು. ಕಷಾಯದ ಬಗ್ಗೆ ನನ್ನ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಿಲ್ಲ, ನೆನಪನ್ನೂ ನಾನು ನಂಬುವುದಿಲ್ಲ. ಹಾಗಾಗಿ ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡದ್ದನ್ನಷ್ಟೇ ಬರೆಯುತ್ತೇನೆ. ಬಿಳಿ ದಾರದವು ಆರು, ಏಳು, ಎಂಟರಲ್ಲಿ ತೂತಾಗಿದ್ದವು. ಕೆಂಪು ದಾರದ ಏಳು ಟಿಕೆಟ್ಟುಗಳಲ್ಲಿ ಒಂದಕ್ಕೂ ಐದರಿಂದ ಆಚೆ ತೂತು ಇರಲಿಲ್ಲ.